ಗ್ರಹಣದಲ್ಲಿ ದುಂಡಗೇ ಉಳಿದ ಬಿಸಿಲು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಶಕುನ, ಸೂತಕ, ಗ್ರಹಚಾರ ಎಂದು ಯಾರಾದರೂ ಮಾತು ತೆಗೆದರೆ ನಕ್ಕುಬಿಡುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುವುದಿಲ್ಲ. ಆದರೆ ಮೊದಲಿನಷ್ಟು ನಿರಾಳವಾಗಿ ನಗಲು ಆಗುತ್ತಿಲ್ಲ. ಕಾರಣವನ್ನು ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ನೀವು ನಂಬಲೇಬೇಕೆಂದಿಲ್ಲ.

ನಮ್ಮೂರು ಆಂಧ್ರದ ಗಡಿಯಲ್ಲಿ, ರಾಯಲ್ಪಾಡಿನ ಹತ್ತಿರ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಅಮ್ಮನ ಬಳಿ ಆಕಾಶದಲ್ಲಿ ಕಾಣುವ ಪ್ರತಿಯೊಂದಕ್ಕೂ ಒಂದು ಕಥೆ ಇತ್ತು. ಚಂದ್ರನ ಕಲೆಗೆ ಮೊಲ, ಗ್ರಹಣಕ್ಕೆ ರಾಹು. ಆ ಕಥೆಗಳಿಂದಲೇ ನನಗೆ ತಲೆಯೆತ್ತಿ ನೋಡುವ ಚಟ ಹತ್ತಿದ್ದು. ಓದಿ ಮೇಷ್ಟ್ರಾದ ಮೇಲೆ ಅವನ್ನೇ ಒಂದೊಂದಾಗಿ ಅಲ್ಲಗಳೆದೆ. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ, ಕಥೆ ಹೇಳುವುದನ್ನೂ ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಬೆಳಿಗ್ಗೆ ಸೂರ್ಯಗ್ರಹಣವಿತ್ತು. ನನ್ನ ಹೆಂಡತಿ ಸುಜಾತ ತುಂಬು ಬಸುರಿ. ಹಿಂದೊಮ್ಮೆ ಗರ್ಭ ನಿಲ್ಲದೆ ಹೋಗಿತ್ತು. ಅದಕ್ಕೇ ಅಮ್ಮ ಕಿಟಕಿಗಳಿಗೆ ಕಂಬಳಿ ಕಟ್ಟಿ, ಅವಳನ್ನು ಒಳಗೆ ಮಲಗಲು ಹೇಳಿದ್ದಳು. ಸುಜಾತ ಮಾತ್ರ, “ನಾನೂ ನೋಡ್ಬೇಕು ರೀ” ಎಂದಳು. ಹಿತ್ತಿಲ ಮಾವಿನ ಮರದ ಕೆಳಗೆ ಕರೆದುಕೊಂಡು ಹೋದೆ. ಎಲೆಗಳ ಸಂದಿಯಿಂದ ಬೀಳುವ ದುಂಡನೆಯ ಬಿಸಿಲ ಚುಕ್ಕೆಗಳು ಸೂರ್ಯನದೇ ಬಿಂಬಗಳು. ಗ್ರಹಣದಲ್ಲಿ ಸೂರ್ಯ ಕುಡುಗೋಲಿನಂತಾದರೆ ಅವೂ ಹಾಗೇ ಆಗುತ್ತವೆ. ಆದವು ಕೂಡ. ನೆಲದ ತುಂಬ ಪುಟ್ಟ ಪುಟ್ಟ ಕುಡುಗೋಲುಗಳು. ಬೆಳಕು ಮಂಕಾಗಿ, ಹಕ್ಕಿಗಳ ಸದ್ದೂ ಅಡಗಿತು.

ಅಷ್ಟರಲ್ಲಿ ಅಮ್ಮ ಓಡಿಬಂದಳು. “ಏಮ್ರಾ, ಬುದ್ಧಿ ಐತಾ ನಿಂಗೆ? ಬಸ್ರಿ ಹೆಂಗ್ಸನ್ನ ಆಚೆ ಕರ್ಕೊಂಡ್ ಬಂದಿದ್ದೀಯಲ್ಲ!” ಎಂದು ಸೊಸೆಯ ಕೈ ಹಿಡಿದವಳು ಹಾಗೇ ನಿಂತುಬಿಟ್ಟಳು.

ಸುಜಾತಳ ಹೊಟ್ಟೆಯ ಮೇಲೆ, ಸೀರೆಯ ನೆರಿಗೆಗಿಂತ ಸ್ವಲ್ಪ ಮೇಲೆ, ಒಂದು ಬಿಸಿಲ ಚುಕ್ಕೆ ಪೂರ್ತಿ ದುಂಡಗಿತ್ತು. ಅದರ ಸುತ್ತ, ಅವಳ ತೋಳಿನ ಮೇಲೂ ಕುಡುಗೋಲುಗಳೇ.

“ಇದೊಂದ್ಯಾಕ್ರೀ ಹಿಂಗಿದೆ?” ಎಂದಳು ಸುಜಾತ. ನಾನು ಚುಕ್ಕೆಗೆ ಅಡ್ಡವಾಗಿ ಅಂಗೈ ಹಿಡಿದೆ. ಅಂಗೈ ಮೇಲೆ ಬಿದ್ದದ್ದು ಕುಡುಗೋಲು. ಕೈ ತೆಗೆದೆ, ಹೊಟ್ಟೆಯ ಮೇಲೆ ಮತ್ತೆ ದುಂಡು. ಮತ್ತೆ ಮತ್ತೆ ಹಿಡಿದು ನೋಡಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಅದೂ ಸರಿಯಿತು. ಅಮ್ಮ ಬೈಯುವುದನ್ನೂ ಮರೆತು, ಸೊಸೆಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಗ್ರಹಣ ಬಿಡುವವರೆಗೆ ಮೂವರೂ ಅಲ್ಲಿಂದ ಕದಲಲಿಲ್ಲ. ಕೊನೆಗೆ ಉಳಿದ ಚುಕ್ಕೆಗಳೂ ದುಂಡಗಾದವು. ಆಮೇಲೆ ಯಾವುದು ಅದು ಎಂದು ಗುರುತಿಸಲು ಆಗಲಿಲ್ಲ.

ಮಗಳು ಸುಖವಾಗಿ ಹುಟ್ಟಿದಳು. ಎಲ್ಲ ಮಕ್ಕಳಂತೆಯೇ ಇದ್ದಾಳೆ, ಈಗ ಶಾಲೆಗೆ ಹೋಗುತ್ತಾಳೆ. ನನಗೆ ಮಾತ್ರ ನೆಮ್ಮದಿಯಿಲ್ಲ. ರಟ್ಟಿಗೆ ನಾನಾ ಥರದ ತೂತು ಕೊರೆದು ಬಿಸಿಲಲ್ಲಿ ಹಿಡಿದೆ. ಸೀರೆಯ ಹೊಳಪೇ, ಕಣ್ಣಿನ ಮೋಸವೇ ಎಂದು ಲೆಕ್ಕ ಹಾಕಿದೆ. ಮೂವರ ಕಣ್ಣಿಗೂ ಒಂದೇ ಮೋಸವೇ? ಆಮೇಲೆ ಬಂದ ಗ್ರಹಣದ ದಿನ ಮೋಡ ಕವಿದಿತ್ತು. ಪಾಠ ಮಾಡುವಾಗ ಬೆಳಕು ನೇರವಾಗಿ ಚಲಿಸುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುತ್ತೇನೆ, ಎಳೆದ ಗೆರೆಯನ್ನೇ ನೋಡುತ್ತಾ ನಿಲ್ಲುತ್ತೇನೆ.

ಮೊನ್ನೆ ತಡೆಯಲಾಗದೆ ಅಮ್ಮನ ಹತ್ತಿರ ಕುಳಿತೆ. ದೊಡ್ಡವನಾದ ಮೇಲೆ ನಾನಾಗಿಯೇ ಅವಳನ್ನು ಕಥೆ ಕೇಳಿದ್ದು ಅದೇ ಮೊದಲು. ಅವತ್ತಿನದಕ್ಕೆ ಏನಾದರೂ ಕಥೆ ಇದೆಯೇ ಎಂದೆ. ಅವಳು ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರದಲ್ಲಿಟ್ಟು ನನ್ನ ಕಡೆ ತಿರುಗಿದಳು.

“ಇಲ್ಲ ಕಣಪ್ಪಾ,” ಎಂದಳು. “ನೀನು ಓದಿದೋನು, ನಿನ್ನೇ ಕೇಳಾನ ಅಂತಿದ್ದೆ.”