ಅಕ್ಕಡಿ ಸಾಲು ಕಾಯ್ದ ಬೆಳಗು

ನಮ್ಮ ಮನೆಯಲ್ಲಿ ಒಂದೇ ಕೆಲಸಕ್ಕೆ ನಾಲ್ಕು ಹೆಸರು. ನನ್ನ ಗಂಡ ‘ಒಕ್ಕಲುತನ’ ಎನ್ನುತ್ತಾರೆ. ವಾರಕ್ಕೆರಡು ಸಲ ಕೊಲ್ಹಾಪುರದ ಕಡೆ ಓಡಾಡುವ ಅವರ ಅಣ್ಣನಿಗೆ, ಅಂದರೆ ನನ್ನ ಭಾವನವರಿಗೆ, ಅದು ಮರಾಠಿಯ ‘ಶೇತಿ’. ನಿಪ್ಪಾಣಿಯಿಂದ ಬರುವ ಅಧಿಕಾರಿಗಳು ಬೂಟಿಗೆ ಮೆತ್ತಿದ ಎರೆಮಣ್ಣನ್ನು ಬದುವಿನ ಕಲ್ಲಿಗೆ ಉಜ್ಜುತ್ತ ‘ಕೃಷಿ’ ಎನ್ನುತ್ತಾರೆ. ನಾಲ್ಕನೆಯದು ಹೆಂಗಸರದು: ‘ಹೊಲಕ್ಕ ಹೋಗಿ ಬರ್ತೀನಿ.’ ಬೆಳಗಿನಿಂದ ಕುಂತು ಕಳೆ ತೆಗೆದು, ಎಮ್ಮೆಗೆ ಒಂದು ಹೊರೆ ಹುಲ್ಲು ಕೊಯ್ದು, ತಲೆಯ ಮೇಲೆ ಹೊತ್ತು ತಂದರೂ ನಾವು ಮಾಡಿದ್ದು ಹೋಗಿ ಬಂದದ್ದು ಅಷ್ಟೇ. ಬದುವಿನ ಮೇಲೆ ನಿಂತು ಫೋನಿನಲ್ಲಿ ಮಾತಾಡಿದವರು ಒಕ್ಕಲುತನ ಮಾಡಿದವರು. ಇಪ್ಪತ್ತಾರು ವರ್ಷ ಈ ಮಾತು ಕೇಳಿದ್ದೇನೆ. ಒಂದು ದಿನವೂ ಒಪ್ಪಿಲ್ಲ.

ಅಕ್ಕೋಳದ ನಮ್ಮ ಹೊಲದಲ್ಲಿ ಮಳೆಗಾಲಕ್ಕೆ ಸೋಯಾ ಬಿತ್ತುತ್ತೇವೆ. ಹತ್ತು ಹನ್ನೆರಡು ಸಾಲಿಗೊಂದು ಸಾಲು ಖಾಲಿ ಬಿಟ್ಟು, ಅದರಲ್ಲಿ ತೊಗರಿ, ಎಳ್ಳು, ಪುಂಡಿ, ಅಲಸಂದಿ ಕಲಸಿ ಹಾಕುತ್ತೇವೆ. ಇದೇ ಅಕ್ಕಡಿ. ಎತ್ತಿನ ಕೂರಿಗೆ ಇದ್ದಾಗ ನನ್ನ ಅತ್ತೆ ಉಡಿಯಲ್ಲಿ ಬೀಜ ಕಟ್ಟಿಕೊಂಡು, ಬಿದಿರಿನ ಕೊಳವೆಯಲ್ಲಿ ಬೀಜ ಬಿಡುತ್ತ ಹಿಂದೆ ನಡೆಯುತ್ತಿದ್ದರು. ಯಾವ ಬೀಜ, ಎಷ್ಟು, ಯಾವ ಸಾಲಿಗೆ ಎಂದು ಗಂಡಸರು ಅವರನ್ನು ಕೇಳಬೇಕಿತ್ತೇ ಹೊರತು ಅವರಿಗೆ ಹೇಳುವಂತಿರಲಿಲ್ಲ. ಈಗ ಟ್ರ್ಯಾಕ್ಟರು ಬಿತ್ತುತ್ತದೆ. ಅದು ಹೋದ ಮೇಲೆ ನಾನು ಕುಡಗೋಲಿನ ತುದಿಯಿಂದ ಗೆರೆ ಕೊರೆದು ಕೈಯಿಂದಲೇ ಅಕ್ಕಡಿ ಊರುತ್ತೇನೆ. ವರ್ಷದ ಬೇಳೆ, ಚಟ್ನಿಯ ಎಳ್ಳು, ಪುಂಡಿ ಪಲ್ಯ ಎಲ್ಲ ಅದರಲ್ಲೇ ಬರಬೇಕು.

ಹೋದ ಮಳೆಗಾಲದಲ್ಲಿ, ಸೋಯಾ ಗೇಣುದ್ದ ಆಗಿದ್ದಾಗ, ಭಾವನವರು ಕಳೆನಾಶಕ ಹೊಡೆಸಲು ಆಳು ಕರೆಸಿದರು. ಬೋರಗಾಂವದಲ್ಲಿ ಮಗ್ಗ ಬಿಟ್ಟು ಬೆನ್ನಿಗೆ ಪಂಪು ಕಟ್ಟಿಕೊಂಡ ಮನುಷ್ಯ. ನನ್ನ ಗಂಡ ಆ ದಿನ ಚಿಕ್ಕೋಡಿಗೆ ಹೋಗಿದ್ದರು. ಬುತ್ತಿ ಹೊತ್ತು ನಾನು ಹೊಲ ಮುಟ್ಟುವಷ್ಟರಲ್ಲಿ ಅವನು ಕೊಡದಲ್ಲಿ ಔಷಧ ಕಲಸುತ್ತಿದ್ದ. ಅದು ಸೋಯಾಕ್ಕೆ ಏನೂ ಮಾಡುವುದಿಲ್ಲ. ತೊಗರಿಯೂ ತಡೆದೀತು. ಎಳ್ಳು, ಪುಂಡಿ ಮಾತ್ರ ವಾರದೊಳಗೆ ಸುಟ್ಟು ಹೋಗುತ್ತವೆ.

“ಅಕ್ಕಡಿ ಬಿಟ್ಟ ಹೊಡಿಯಪಾ,” ಎಂದೆ.

ಅವನು ಬದುವಿನ ಕಡೆ ನೋಡಿದ. “ಯಾರ ಮಾತ ಕೇಳ್ಲಿರಿ ನಾ?”

“ನನ್ನ ಮಾತ ಕೇಳಲೇ,” ಭಾವನವರು ಅಲ್ಲಿಂದಲೇ ಕೂಗಿದರು. “ಸರಸಗಟ್ ಹೊಡಿ, ಒಂದೂ ಸಾಲ ಬಿಡಬ್ಯಾಡ. ನಾಕ ಕಾಳ ಎಳ್ಳಿನ ಸಲುವಾಗಿ ಪಂಪ ಎತ್ತಿ ಇಳಸ್ಕೋತ ಕುಂದ್ರಾಕ ಆಗ್ತೈತೇನ? ಇದು ಶೇತಿ ಐತಿ, ಹೆಂಗಸರ ಹಿತ್ತಲಲ್ಲ.”

“ಹಿತ್ತಲ ಅನ್ರಿ, ಏನರ ಅನ್ರಿ ಭಾವಾರ. ಬೀಜ ಆರಿಸಿದಾಕಿ ನಾನು, ಊರಿದಾಕಿ ನಾನು, ಕಳೆ ತಗದಾಕಿ ನಾನು. ಇದು ಒಕ್ಕಲುತನ ಅಲ್ಲಂದ್ರ ನೀವು ಬದುವಿನ ಮ್ಯಾಲ ನಿಂತ ಮಾಡೂದಕ್ಕ ಏನಂತಾರ್ರಿ?”

ಆಳು ತಲೆ ತಗ್ಗಿಸಿ ನಕ್ಕ. ಭಾವನವರಿಗೆ ಆ ನಗೆಯೇ ಹೆಚ್ಚು ಚುಚ್ಚಿರಬೇಕು. “ಹೊಡಿ ಅಂದ್ನೆಲ್ಲ!” ಎಂದರು.

ಪಂಪಿನ ಮನೆಗೆ ಹೋದೆ. ಯಾವುದೋ ಮದುವೆಯ ಹಳೆಯ ಫ್ಲೆಕ್ಸು ನೀರಿನ ಮೋಟಾರಿಗೆ ಹೊದಿಸಿದ್ದೆವು. ಅದನ್ನು ಎಳೆದು ತಂದು ಮೊದಲನೆಯ ಅಕ್ಕಡಿ ಸಾಲಿನ ಪಕ್ಕ ಗೋಡೆಯ ಹಾಗೆ ನಿಲ್ಲಿಸಲು ನೋಡಿದೆ. ಒಬ್ಬಳ ಕೈಗೆ ಅದು ನಿಲ್ಲಲಿಲ್ಲ. ಪಡುವಣ ಗಾಳಿಗೆ ಮಡಚಿ ಮುಖಕ್ಕೆ ಬಡಿಯಿತು. ಔಷಧದ ನಾತ ಆಗಲೇ ಹತ್ತಿರ ಬರುತ್ತಿತ್ತು.

ಆಗ ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ಆಚೆ ಹುಲ್ಲು ಕೊಯ್ಯುತ್ತಿದ್ದವರು, ಕುಡಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಗಂಡನ ಎದುರು ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಬಂದವರು ಫ್ಲೆಕ್ಸಿನ ಇನ್ನೊಂದು ತುದಿ ಹಿಡಿದು ನಿಂತರು.

“ನೀ ಯಾಕ ಬಂದಿ ನಡುವ?” ಭಾವನವರು ಕೇಳಿದರು.

“ನಿಮಗ ಪುಂಡಿ ಪಲ್ಯ ಬ್ಯಾಡೇನ್ರಿ? ಬ್ಯಾಡ ಅನ್ರಿ, ಬಿಟ್ಟಬಿಡ್ತೀನಿ,” ಎಂದರು ಅವರು. ಆಮೇಲೆ ಆಳಿನ ಕಡೆ ತಿರುಗಿ, “ಸಾವಕಾಶ ನಡಿಯಪಾ. ನಮಗೂ ವಯಸ್ಸ ಆಗೇತಿ,” ಎಂದರು.

ಭಾವನವರು ಬೇಡ ಎನ್ನಲಿಲ್ಲ. ಬೈಕು ಚಾಲೂ ಮಾಡಿಕೊಂಡು ಊರ ಕಡೆ ಹೋದರು. ನಾವು ಹದಿಮೂರು ಅಕ್ಕಡಿ ಸಾಲಿಗೂ, ಎರಡೂ ಮಗ್ಗುಲಿಗೆ, ಆ ಫ್ಲೆಕ್ಸು ಹಿಡಿದು ನಡೆದೆವು. ಆಳು ಹೆಜ್ಜೆ ಹಾಕಿದಷ್ಟು ನಾವು ಹಾಕುವುದು, ಅವನು ನಿಂತರೆ ನಿಲ್ಲುವುದು. ಮಧ್ಯಾಹ್ನಕ್ಕೆ ತೋಳು ಎತ್ತಲು ಬರುತ್ತಿರಲಿಲ್ಲ. ಬುತ್ತಿಯ ರೊಟ್ಟಿ ಮುರಿಯಲು ಬೆರಳು ಮಡಚಲಿಲ್ಲ. ನೆಗೆಣ್ಣಿ, “ನಾಳೆ ಮನ್ಯಾಗಿನ ಭಾಂಡೆ-ಗಂಗಾಳ ನಿಮ್ಮ ಭಾವಾರ ಕಡೆಯಿಂದನ ತೊಳಸೂನು,” ಎಂದು ಹೊಟ್ಟೆ ಹಿಡಿದು ನಕ್ಕರು.

ಎಂಟು ದಿನಕ್ಕೆ ಭಾವನವರು ಹೊಲಕ್ಕೆ ಬಂದು, ಕೊನೆಯ ಸಾಲಿನಲ್ಲಿ ಎಳ್ಳು ಹಳದಿಯಾಗಿ ಮಲಗಿದ್ದ ಒಂದು ಮಾರು ಜಾಗ ಹುಡುಕಿ ತೋರಿಸಿದರು. ದಣಿದ ಕೈ ಸೋತು ಅಲ್ಲಿ ಫ್ಲೆಕ್ಸು ಜಾರಿತ್ತು, ಅಷ್ಟೇ.

“ಏನಾತು ನಿನ್ನ ಒಕ್ಕಲುತನ?” ಎಂದರು.

“ಇಷ್ಟ ಹೋತು, ಉಳಿದಿದ್ದು ನಿಂತೈತಿ ನೋಡ್ರಿ. ಮುಂದಿನ ಸಲ ಪಂಪಿನಾವಗ ನಾನ ಹೇಳಿ ಕಳಸ್ತೀನಿ. ಗಾಳಿ ನಿಂತ ದಿನ ನೋಡಿ.”

ಆ ಒಂದು ಮಾರು ಜಾಗದಲ್ಲಿ ಮತ್ತೆ ಬೀಜ ಊರಲು ನಾನು ಅವರ ಎದುರೇ ಕುಂತು ಮಣ್ಣು ಸಡಿಲು ಮಾಡತೊಡಗಿದೆ.