ಚಿಕ್ಕವ್ವ ತೋರಿಸಿದ ಸ್ಕ್ಯಾನು

ಹೋದ ತಿಂಗಳು ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಮಗಳ ಬೆನ್ನಿಗೆ ಸ್ಕ್ಯಾನಿಂಗಿನ ಜೆಲ್ ಹಚ್ಚಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಅಪೆಂಡಿಕ್ಸ್ ಒಡೆದು ಅವಳಿಗೆ ಆಗಷ್ಟೇ ಆಪರೇಷನ್ ಆಗಿತ್ತು. "ಮುಂದೆ ಉಸಿರಾಟಕ್ಕೆ ತೊಂದ್ರೆ ಆಗೋ ಹಾಗಿದ್ರೆ ಇದ್ರಲ್ಲಿ ಮೊದಲೇ ಗೊತ್ತಾಗುತ್ತಮ್ಮ" ಎಂದರು ಡಾಕ್ಟರಮ್ಮ. ನಾನು ತಲೆಯಾಡಿಸಿದೆ. ಆದರೆ ಆ ತಣ್ಣನೆಯ ಲೋಳೆ ಕಂಡರೆ ನನಗೆ ನೆನಪಾಗುವುದು ಒಬ್ಬಳೇ... ಇದೇ ಮಂಡ್ಯದ ಗುತ್ತಲು ಬಡಾವಣೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಚಿಕ್ಕವ್ವ.

ನೆಂಟಸ್ತನವೇನೂ ಇಲ್ಲ, ಬೀದಿಗೆಲ್ಲ ಅವಳು ಚಿಕ್ಕವ್ವ. ಯಾರ ಮನೆಯಲ್ಲಿ ಬಸುರಿ ಇದ್ದರೂ ವಾಸನೆ ಹಿಡಿದು ಬರುತ್ತಿದ್ದಳು. ನಾನು ಬಸುರಿಯಾದಾಗ "ಮಗೀನ್ ಬೆಳವಣ್ಗೆ ನೋಡ್ಸನ ಬಾ" ಎಂದು ಆಟೋದಲ್ಲಿ ಕೂರಿಸಿಕೊಂಡು ಮಳವಳ್ಳಿ ಕಡೆಯ ಒಂದು ಆಲೆಮನೆಗೆ ಕರೆದೊಯ್ದಳು. ಬೆಲ್ಲದ ಕೊಪ್ಪರಿಗೆಯ ಪಕ್ಕದ ಕೋಣೆಯಲ್ಲಿ ಒಂದು ಮಂಚ, ಯಾರೋ ಒಬ್ಬ ಬ್ಯಾಗಿನಿಂದ ಹೊರತೆಗೆದ ಸ್ಕ್ಯಾನಿಂಗಿನ ಮಿಷನ್ನು, ನನ್ನ ಹೊಟ್ಟೆಗೆ ಅದೇ ತಣ್ಣನೆಯ ಲೋಳೆ. ಆಸ್ಪತ್ರೆಯಲ್ಲಿರಬೇಕಾದ್ದು ಇಲ್ಲೇಕಿದೆ ಎಂದು ನಾನು ಯೋಚಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿಕ್ಕವ್ವ ಕಿವಿಯ ಹತ್ತಿರ ಬಂದಳು.

"ಎಣ್ಣು ಕಣಮ್ಮ. ತೆಗ್ಸಿ ಬುಡು. ನಿನ್ ಒಳ್ಳೇದ್ಕೇ ಯೋಳ್ತಿವ್ನಿ."

"ನಿಮ್ಮವ್ವ ನಿನ್ನ ತೆಗ್ಸಿದ್ದಿದ್ರೆ ಊರಿಗೇ ಒಳ್ಳೇದಾಗ್ತಿತ್ತು" ಎಂದು ಹೇಳಿ, ಸಿಕ್ಕ ಬಸ್ಸು ಹತ್ತಿ ಮದ್ದೂರಿನ ತವರಿಗೆ ಹೋದೆ.

ನಾಚಿಕೆ ಎಂಬುದು ಅವಳ ಹತ್ತಿರ ಸುಳಿದಿರಲಿಲ್ಲ. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಕರೆಯದೆಯೇ ಬಂದಳು. ಎರಡು ಸಲ ಪಾಯಸ ಬಡಿಸಿಕೊಂಡಳು. ಮಗುವಿನ ಗಲ್ಲ ಹಿಂಡಿ "ಮಾಲಕ್ಸ್ಮಿ ಕಣಮ್ಮ!" ಎಂದಳು. ಥೂ, ಎಮ್ಮೆ ಚರ್ಮದವಳು! ನನಗೇನೋ ಬಾಯಿತ್ತು, ಬಚಾವಾದೆ. ನನ್ನ ಓರಗಿತ್ತಿ ಬಾಯಿಲ್ಲದ ಹೆಣ್ಣು. ಮುಂದಿನ ವರ್ಷ ಅವಳು ಬಸುರಿಯಾದಾಗ ಚಿಕ್ಕವ್ವ ಯಾರಿಗೂ ಹೇಳಗೊಡದೆ ಅವಳನ್ನೂ ಆಟೋ ಹತ್ತಿಸಿದಳು, ಹೆಣ್ಣೆಂದು ತೆಗೆಸಿಯೂಬಿಟ್ಟಳು... ಆಮೇಲೆ ಓರಗಿತ್ತಿಗೆ ಬಸುರು ನಿಲ್ಲಲೇ ಇಲ್ಲ. ಚಿಕ್ಕವ್ವ ಸತ್ತಾಗ ಬೀದಿಯವರೆಲ್ಲ "ಪುಣ್ಯಾತ್ಗಿತ್ತಿ" ಎಂದು ಅತ್ತರು. ನಾನು ಹೆಣ ನೋಡುವುದಕ್ಕೂ ಹೋಗಲಿಲ್ಲ.

ಡಾಕ್ಟರಮ್ಮ ಸ್ಕ್ರೀನಿನಲ್ಲಿ ಬೆರಳಿಟ್ಟು ತೋರಿಸಿದರು. ಬಲಗಡೆಯ ಶ್ವಾಸಕೋಶ ಕೆಳಗೆ ಸ್ವಲ್ಪ ಮುದುಡಿಕೊಂಡಿತ್ತಂತೆ, ಉಸಿರು ಕಟ್ಟುವ ಸಂಭವವಿತ್ತಂತೆ. ಮಗಳನ್ನು ಒರಗಿಸಿ ಕೂರಿಸಿದರು, ಆಕ್ಸಿಜನ್ ಪಕ್ಕದಲ್ಲೇ ತರಿಸಿಟ್ಟರು. ಸಂಜೆ ಅವಳು ನಿಜಕ್ಕೂ ಏದುಸಿರು ಬಿಡತೊಡಗಿದಳು. ನರ್ಸುಗಳು ಸಿದ್ಧವಾಗಿದ್ದರು, ತಕ್ಷಣ ಮಾಸ್ಕ್ ಹಾಕಿದರು. ನಿಧಾನಕ್ಕೆ ಉಸಿರು ಹದಕ್ಕೆ ಬಂತು. ಮಕ್ಕಳನ್ನು ಉಳಿಸುವ ಮಿಷನ್ನನ್ನು ಆ ಚಿಕ್ಕವ್ವ ಎಂಥ ಕೆಲಸಕ್ಕೆ ಇಟ್ಟುಕೊಂಡಿದ್ದಳಲ್ಲ!

ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದ ಓರಗಿತ್ತಿ ನನ್ನ ಮಗಳ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದಳು.

"ಚೆನ್ನಾಗ್ ಉಸ್ರಾಡ್ತಾವ್ಳೆ ಕಣಕ್ಕ" ಎಂದಳು. ಕೈ ತೆಗೆಯದೆ ಕೇಳಿದಳು: "ಅವತ್ತು ನಂದೂ ಒಳ್ಗೆ ಉಸ್ರಾಡ್ತಿತ್ತಾ ಅಕ್ಕ?"

ಎಲ್ಲದಕ್ಕೂ ಬಾಯಿ ಜೋರು ಮಾಡುವ ನಾನು, ಮಗಳ ಎದೆಯ ಮೇಲಿದ್ದ ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ.