ಡಿಸ್ಕಿನ ಮಬ್ಬು ಒರೆಸುವ ಮೆಹರಬಾನು

ಬೆಳಗಿನ ಆರು ಗಂಟೆ. ಮಸ್ಕಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೆಹರಬಾನು ತಮ್ಮ ಅಂಗಡಿಯ ಮುಂದೆ ಎರಡು ಕೊಡ ನೀರು ಚಿಮುಕಿಸುತ್ತಾರೆ. ಬಸ್ಸುಗಳು ಶುರುವಾದರೆ ಧೂಳು ಏಳುತ್ತದೆ. ಧೂಳು ಎದ್ದ ಮೇಲೆ ಅವರು ವಿಡಿಯೊ ಡಿಸ್ಕುಗಳ ಪ್ರತಿ ಬರೆಯುವುದಿಲ್ಲ.

ಇಂದು ಅವರಿಗಿಂತ ಮೊದಲೇ ಗೊರೇಬಾಳದ ಶೇಖರಮ್ಮ ಅಳಿಯನ ಬೈಕಿನಲ್ಲಿ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಮಡಿಲಲ್ಲಿ ಕುಪ್ಪಸದ ಕಣದ ಬಟ್ಟೆಯಲ್ಲಿ ಸುತ್ತಿದ ಡಿಸ್ಕು. ಮಗಳು ಐಶ್ವರ್ಯಳ ಕೂಸಿಗೆ ಮಧ್ಯಾಹ್ನ ತೊಟ್ಟಿಲು. ಐಶ್ವರ್ಯಳನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ಅಜ್ಜಿ, ಅಂದರೆ ಶೇಖರಮ್ಮನವರ ಅತ್ತೆ, ಹಾಡಿದ ಜೋಗುಳ ಇದರಲ್ಲಿದೆ. ಅಜ್ಜಿ ಈಗಿಲ್ಲ, ಬೇರೆ ಪ್ರತಿಯೂ ಇಲ್ಲ. ಅದೇ ಹಾಡಿಗೆ ಕೂಸನ್ನು ತೂಗಬೇಕು. ಆದರೆ ಜೋಗುಳ ಬರುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ.

"ಹೊಸಾ ಟಿವಿ ತಂದ್ರೂ ಹಂಗ ಐತಿ ನೋಡು, ಬಾನು."

ಮೆಹರಬಾನು ಡಿಸ್ಕನ್ನು ಬೆಳಕಿಗೆ ಹಿಡಿಯುತ್ತಾರೆ. ಹೊಳೆಯುವ ಬದಿಯಲ್ಲಿ ಮೂರು ಬೆರಳಿನ ಬಿಳಿ ಗೆರೆ.

"ಅಕ್ಕಾರ, ವಿಭೂತಿ ಹಚ್ಚೀರೇನು?"

"ಅತ್ತಿ ಅದ್ರಾಗ ಅದಾಳಲ್ಲ! ದೇವರ ಜಗಲಿ ಮ್ಯಾಲ ಇಟ್ಟು ಸೋಮವಾರಕ್ಕೊಮ್ಮೆ ಹಚ್ತೀನಿ. ಹಳೇದು ಸೆರಗಿಲೆ ವರಸ್ತೀನಿ."

"ವರಸಿದ್ದ ತೊಂದ್ರಿ ಆಗೇತ್ರಿ."

ನಲವತ್ತೇಳರ ಮೆಹರಬಾನು ಹತ್ತನೆಯ ತರಗತಿವರೆಗೆ ಓದಿದವರು. ಅಣ್ಣ ಜುಲ್ಫಿಕರ್ ಮದುವೆಗಳ ವಿಡಿಯೊ ತೆಗೆಯುತ್ತಿದ್ದಾಗ ಇವರು ಒಳಗೆ ಕುಳಿತು ಪ್ರತಿ ಬರೆಯುತ್ತಿದ್ದರು. ಅಣ್ಣ ಸಿಂಧನೂರಿನಲ್ಲಿ ಮೊಬೈಲ್ ಅಂಗಡಿ ಹಾಕಿದ. ತಂಗಿ ಇಲ್ಲೇ ಉಳಿದರು. ಗಿರಾಕಿಗಳೇ ಇಲ್ಲದ ವರ್ಷಗಳಲ್ಲಿ ಹೊಲಿಗೆ ಯಂತ್ರ ಕೈಹಿಡಿಯಿತು. "ಇನ್ನೂ ಡಿಸ್ಕೇನವಾ ಅಂತ ಮಂದಿ ನಗ್ತಿದ್ರು. ಈಗ ಅವ್ರ ಬರ್ತಾರ, ತಮ್ಮ ಮದಿವಿ ಹಿಡಕೊಂಡು." ದಿನಕ್ಕೆ ಐದಾರು ಬರುತ್ತವೆ. ಲಿಂಗಸುಗೂರು, ಗುರುಗುಂಟಾದಿಂದ ಕಂಡಕ್ಟರ್ ಕೈಯಲ್ಲಿ ಕಳಿಸುವವರೂ ಇದ್ದಾರೆ. ಹತ್ತರಲ್ಲಿ ಎರಡು ಏನು ಮಾಡಿದರೂ ಮರಳುವುದಿಲ್ಲ.

"ನಾಕು ತಾಸಿನ ಮದಿವಿ ಒಂದ ಡಿಸ್ಕಿನಾಗ ತುರುಕು ಅಂತಿದ್ರು. ಆಮ್ಯಾಲ ಮದುಮಗಳ ಮುಖ ಮಬ್ಬು ಅಂತ ಜಗಳಾ!" ಎನ್ನುತ್ತಾ ಅವರು ಕೆಲಸಕ್ಕೆ ಕೂರುತ್ತಾರೆ.

ವಿಭೂತಿಯನ್ನು ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತಾರೆ. ದುಂಡಗೆ ಉಜ್ಜಿದರೆ ಗೀರು ಬಿದ್ದು ಡಿಸ್ಕು ಇನ್ನಷ್ಟು ಕೆಡುತ್ತದೆ. ಮೊದಲ ಪ್ಲೇಯರ್ ಓದುವುದಿಲ್ಲ. ಎರಡನೆಯದೂ ಇಲ್ಲ. ಮೂರನೆಯದು ಅಣ್ಣ ಬಿಟ್ಟುಹೋದ ಹಳೆಯದು. ಗೊರಗೊರ ಎಂದು ಸದ್ದು ಮಾಡಿ, ಕೊನೆಗೆ ಓದತೊಡಗುತ್ತದೆ.

ಪರದೆಯಲ್ಲಿ ಅಜ್ಜಿ ಹಾಡುತ್ತಿದ್ದಾರೆ. ಎರಡು ಕಡೆ ಚಿತ್ರ ನಡುಗುತ್ತದೆ, ಹಾಡು ತುಂಡಾಗುವುದಿಲ್ಲ. ನಡುವೆ ಅಜ್ಜಿ ಗದರುತ್ತಾರೆ: "ಶೇಖರಮ್ಮಾ, ಮೆಲ್ಲಗ ತೂಗಬೇ!"

ಶೇಖರಮ್ಮ ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ನಿಧಾನದ ವೇಗದಲ್ಲಿ ಹೊಸ ಪ್ರತಿ ಬರೆದು ಮೆಹರಬಾನು ತಾಕೀತು ಮಾಡುತ್ತಾರೆ: "ಚಿತ್ರಾನ ಟಿವಿ ತುಂಬ ಹಿಗ್ಗಿಸಿ ಎಳೀಬ್ಯಾಡ್ರಿ, ಮಬ್ಬಾಕ್ಕೈತಿ. ಎರಡೂ ಬಾಜು ಕರೀ ಪಟ್ಟಿ ಇರ್ಲಿ. ಎಳದ್ರ ಅತ್ತಿಯವ್ರು ದಪ್ಪ ಕಾಣ್ತಾರ."

"ಕಾಣ್ಲಿ ಬಿಡು! ಇದ್ದಾಗಂತೂ ಎಷ್ಟು ಉಣಿಸಿದ್ರೂ ಆಗ್ಲಿಲ್ಲ."

ಹೊಸ ಡಿಸ್ಕಿನ ಮೇಲೆ ಮೆಹರಬಾನು ಪೆನ್ನಿನಿಂದ ಬರೆಯುತ್ತಾರೆ: 'ಪೂಜೆ ಡಬ್ಬಿಗೆ ಮಾತ್ರ, ಡಿಸ್ಕಿಗಲ್ಲ.' ತಮ್ಮ ಹೆಸರು ಬರೆಯುವುದಿಲ್ಲ.

ಮಧ್ಯಾಹ್ನ ಶೇಖರಮ್ಮನವರ ಫೋನ್ ಬರುತ್ತದೆ. ಹಿಂದಿನಿಂದ ಜೋಗುಳ ಕೇಳಿಸುತ್ತಿದೆ.

"ಚಿತ್ರ ಹೆಂಗ್ ಬಂತ್ರಿ?"

"ಚಲೋ ಐತವಾ. ಕೂಸು ಮಕ್ಕೊಂತು, ಸಣ್ಣಗ ಮಾತಾಡು."

ಮೆಹರಬಾನು ಫೋನಿಟ್ಟು ಹಳೆಯ ಪ್ಲೇಯರಿಗೆ ಬಟ್ಟೆ ಹೊದಿಸುತ್ತಾರೆ. "ಇದು ಇನ್ನೊಂದೈದು ವರ್ಷ ತಾಳಿದ್ರ ಸಾಕ್ರಿ. ಇನ್ನೂ ಎಷ್ಟು ಮಂದಿ ಹಿಂಗ ಡಿಸ್ಕಿನಾಗ ಜಗಲಿ ಮ್ಯಾಲ ಕುಂತಾರೋ, ಎಲ್ಲಾರ್ನೂ ಇಳಿಸ್ಕೋಬೇಕಲ್ಲ."